ಮನೆಪೆದ: ಕೊಡವರ ಮನೆತನದ ಹೆಸರುಗಳು

ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿನ ಇಬ್ಬರು ಕೊಡವ ಹುಡುಗರಿದ್ದರು. ಇಬ್ಬರ ಹೆಸರಿನ ಮುಂದೆಯೂ ‘ಎಂ’ ಎಂಬ ಒಂದೇ ಅಕ್ಷರ. ಇವರು ಒಂದೇ ಮನೆಯವರಿರಬೇಕೆಂದು ಭಾವಿಸಿ ವಿಚಾರಿಸಿದೆವು. ಹುಡುಗರು ನಕ್ಕರು. ಒಬ್ಬನ ಮನೆ ಮಂಡೇಪಂಡ, ಮತ್ತೊಬ್ಬನದು ಮುಕ್ಕಾಟಿರ. ಅವರ ಊರುಗಳಲ್ಲಿ ಇಂಥ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅಲ್ಲಿ ಮೊದಲು ಮನೆಯ ಹೆಸರು, ಆಮೇಲೆ ವ್ಯಕ್ತಿಯ ಹೆಸರು. ಎರಡು ಮನೆಗಳನ್ನು ಒಂದಕ್ಷರದಲ್ಲಿ ಅಡಗಿಸಿಟ್ಟದ್ದು ನಮ್ಮ ಪುಸ್ತಕ. ಆ ಅಕ್ಷರದ ಹಿಂದೆ ಏನಿದೆ ಎಂಬುದನ್ನು ಇಂದು ಸ್ವಲ್ಪ ವಿಚಾರ ಮಾಡೋಣ.

ಕೊಡವರಲ್ಲಿ ಒಬ್ಬ ಮೂಲಪುರುಷನಿಂದ ಬೆಳೆದು ಬಂದ ಕುಟುಂಬಕ್ಕೆ ‘ಒಕ್ಕ’ವೆಂದು ಹೆಸರು. ಒಕ್ಕದ ಮೂಲ ನಿವಾಸವೇ ‘ಐನ್‌ಮನೆ’. ಒಕ್ಕದ ಹೆಸರನ್ನು ‘ಮನೆಪೆದ’ ಎನ್ನುತ್ತಾರೆ. ‘ಪೆದ’ ಎಂದರೆ ಹೆಸರು. ಪಾಂಡಂಡ, ನಡಿಕೇರಿಯಂಡ, ಚೆಪ್ಪುಡಿರ, ಕೊಡಂದೇರ ಮುಂತಾದುವೆಲ್ಲ ಇಂಥ ಹೆಸರುಗಳೇ. ಇವುಗಳ ಕೊನೆಯನ್ನು ಗಮನಿಸಿದರೆ ‘ಅಂಡ’, ‘ಇರ’, ‘ಎರ’ ಎಂಬ ಪ್ರತ್ಯಯಗಳು ಮತ್ತೆ ಮತ್ತೆ ಕಾಣುತ್ತವೆ. ಕನ್ನಡದಲ್ಲಿ ‘ಅವನ’ ಎನ್ನುವುದನ್ನು ಕೊಡವ ಭಾಷೆಯಲ್ಲಿ ‘ಅವಂಡ’ ಎನ್ನುತ್ತಾರೆ. ಆದುದರಿಂದ ‘ಅಂಡ’ ಎಂದು ಮುಗಿಯುವ ಮನೆಪೆದವು ಷಷ್ಠೀ ವಿಭಕ್ತಿಯ ರೂಪ. ‘ಇಂಥವನ’ ಎಂದು ಅದರ ಅರ್ಥ. ಇಂಥವನ ಏನು? ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮನೆ, ಮಕ್ಕಳು, ಭೂಮಿ ಎಲ್ಲವೂ ಆ ಮಾತಿನಲ್ಲಿ ಅಡಕವಾಗಿವೆ.

ಇಂಗ್ಲಿಷ್ ಬಲ್ಲವರಿಗೆ ಇದರಲ್ಲಿ ಪರಿಚಿತವಾದ ಒಂದು ಅಂಶ ಹೊಳೆಯದಿರದು. ‘ವಿಲಿಯಮ್ಸ್’ ಎಂಬ ಮನೆತನದ ಹೆಸರನ್ನು ತೆಗೆದುಕೊಳ್ಳಿ. 1066ರಲ್ಲಿ ನಾರ್ಮನ್ನರ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅವನ ಹೆಸರು ಆ ದೇಶದಲ್ಲಿ ಬಹಳವಾಗಿ ಹರಡಿತು. ಊರೂರಿಗೂ ವಿಲಿಯಂಗಳಾದರು. ಅವರ ಮಕ್ಕಳು ‘ವಿಲಿಯಮ್ಸ್’, ಎಂದರೆ ವಿಲಿಯಮನ ಕಡೆಯವರು. ಕೊನೆಯ ಆ ‘ಸ್’ ಕಾರವೂ ಷಷ್ಠಿಯೇ. ಜಾನನಿಂದ ಜೋನ್ಸ್, ರಾಬರ್ಟನಿಂದ ರಾಬರ್ಟ್ಸ್ ಆದದ್ದೂ ಹೀಗೆಯೇ. ಸಾವಿರಾರು ಮೈಲಿ ದೂರದ ಎರಡು ಜನಾಂಗಗಳು, ಒಂದನ್ನೊಂದು ನೋಡಿ ಕಲಿಯದೆ, ಮನೆತನವನ್ನು ಗುರುತಿಸಲು ಒಂದೇ ವಿಭಕ್ತಿಯನ್ನು ಹಿಡಿದವು.

ಇಂಥ ಹೆಸರುಗಳು ವೇಲ್ಸ್ ಸೀಮೆಯಲ್ಲಿ ಹಬ್ಬಿದ ಬಗೆ ಇನ್ನೂ ಸ್ವಾರಸ್ಯವಾದುದು. ವೇಲ್ಸ್ ಜನರಿಗೆ ಹಿಂದೆ ಸ್ಥಿರವಾದ ಕುಲನಾಮವಿರಲಿಲ್ಲ. ತನ್ನ ಹೆಸರು, ‘ಆಪ್’ ಎಂದರೆ ಮಗ, ಆಮೇಲೆ ತಂದೆಯ ಹೆಸರು. ಹೀಗೆ ತಲೆತಲಾಂತರವನ್ನು ಹೇಳಿಕೊಳ್ಳುತ್ತಿದ್ದರು. 16ನೆಯ ಶತಮಾನದಲ್ಲಿ ಆ ಸೀಮೆಯು ಇಂಗ್ಲೆಂಡಿನ ಕಾನೂನಿಗೆ ಒಳಪಟ್ಟಾಗ ನ್ಯಾಯಸ್ಥಾನದ ಗುಮಾಸ್ತರಿಗೆ ಈ ಉದ್ದನೆಯ ವಂಶಾವಳಿ ಬೇಡವಾಯಿತು. ‘ಆಪ್ ಹ್ರಿಸ್’ ಎಂಬುದು ಪ್ರೈಸ್ ಆಯಿತು, ‘ಆಪ್ ಹವೆಲ್’ ಎಂಬುದು ಪೊವೆಲ್ ಆಯಿತು. ಉಳಿದವರಲ್ಲಿ ಅನೇಕರು ಜೋನ್ಸ್, ವಿಲಿಯಮ್ಸ್ ಆದರು. ಅಲ್ಲಿಂದ ಈ ಹೆಸರುಗಳು ಹಡಗು ಹತ್ತಿ ಅಮೆರಿಕ, ಆಸ್ಟ್ರೇಲಿಯಗಳಿಗೂ ಹೋದವು. ಆದರೆ ಇಂದು ಇಬ್ಬರು ವಿಲಿಯಮ್ಸರು ಎದುರಾದರೆ ಅವರಿಗೆ ಒಬ್ಬನೇ ಮೂಲಪುರುಷನೆಂದು ಯಾರೂ ಎಣಿಸುವುದಿಲ್ಲ. ಹೆಸರು ಹರಡಿತು, ಮನೆ ಹಿಂದೆ ಉಳಿಯಿತು.

ಮನೆಪೆದದ ಮಾತು ಹಾಗಲ್ಲ. ಅದು ಮಣ್ಣಿಗೆ ಅಂಟಿಕೊಂಡದ್ದು. ಕೊಡಗಿನ ಜಮ್ಮಾ ಭೂಮಿ ಒಬ್ಬೊಬ್ಬನ ಸ್ವತ್ತಾಗಿರದೆ ಒಕ್ಕದ ಸ್ವತ್ತಾಗಿದ್ದು, ಪಟ್ಟೆದಾರನ ಹೆಸರಿನಲ್ಲಿ ದಾಖಲಾಗುತ್ತಿತ್ತು. ಒಕ್ಕದ ಮೂಲಪುರುಷನಾದ ‘ಕಾರಣವ’ನಿಗೆ ಐನ್‌ಮನೆಯ ಬಳಿ ‘ಕೈಮಡ’ವೆಂಬ ಗುಡಿಯುಂಟು, ವರ್ಷಕ್ಕೊಮ್ಮೆ ಅವನಿಗೆ ಎಡೆ ಸಲ್ಲುತ್ತದೆ. ಒಂದೇ ಒಕ್ಕದವರು ಪರಸ್ಪರ ಮದುವೆಯಾಗುವಂತಿಲ್ಲ. ಮದುವೆಯಲ್ಲಿ ಎರಡೂ ಕಡೆಯ ‘ಅರುವ’ರು ಎದುರೆದುರು ನಿಂತು, ಹೆಣ್ಣಿಗೆ ಗಂಡಿನ ಒಕ್ಕದಲ್ಲಿ ದೊರೆಯುವ ಹಕ್ಕುಗಳನ್ನು ಮಾತಿನಲ್ಲಿ ಖಚಿತಪಡಿಸುತ್ತಾರೆ. ಅಂದಿನಿಂದ ಆಕೆಯ ಹೆಸರಿನ ಮುಂದೆ ಬೇರೆಯ ಮನೆಪೆದ.

ಗಂಡು ಸಂತಾನವಿಲ್ಲದೆ ಒಕ್ಕವು ನಿಲ್ಲುವಂತಾದರೆ ಏನು ಗತಿ? ಅದಕ್ಕೂ ಹಿರಿಯರು ದಾರಿ ಮಾಡಿದ್ದರು. ‘ಒಕ್ಕಪರಿಜೆ’ಯೆಂಬ ಮದುವೆಯಲ್ಲಿ ಗಂಡನೇ ತನ್ನ ಒಕ್ಕವನ್ನು ಬಿಟ್ಟು ಹೆಂಡತಿಯ ಒಕ್ಕಕ್ಕೆ ಸೇರುತ್ತಿದ್ದನು, ಮಕ್ಕಳು ತಾಯಿಯ ಮನೆಪೆದವನ್ನು ಹೊರುತ್ತಿದ್ದರು. ಗಂಡಸರ ಮೂಲಕವೇ ವಂಶವನ್ನು ಎಣಿಸುವ ಸಮಾಜವೊಂದು, ಮನೆಯ ದೀಪ ಆರಬಾರದೆಂದು ತನ್ನ ನಿಯಮವನ್ನೇ ಸಡಿಲಿಸಿತು. ಹೆಸರಿಗೆ ಇದ್ದ ಬೆಲೆ ಎಷ್ಟೆಂಬುದನ್ನು ತಿಳಿಯಲು ಇಷ್ಟು ಸಾಕು.

1834ರಲ್ಲಿ ಕೊಡಗು ಇಂಗ್ಲಿಷರ ಕೈ ಸೇರಿತು. ಶಾಲೆ, ಕಚೇರಿ, ಸೈನ್ಯ ಇವುಗಳ ಬಾಗಿಲು ತೆರೆದಂತೆ ಕೊಡವರು ದೂರ ದೂರ ಹೋದರು. ಹೋದಲ್ಲೆಲ್ಲ ಗುಮಾಸ್ತನ ಲೇಖನಿಯೂ ಕಾದಿತ್ತು. ವೇಲ್ಸಿನಲ್ಲಿ ಅದು ‘ಆಪ್’ ಎಂಬುದನ್ನು ನುಂಗಿತು. ಇಲ್ಲಿ ಮನೆಪೆದವನ್ನು ಒಂದಕ್ಷರಕ್ಕೆ ಇಳಿಸಿತು. 1949ರ ಜನವರಿ 15ರಂದು ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ಮಹಾದಂಡನಾಯಕರಾದವರನ್ನು ಲೋಕವು ಕೆ. ಎಂ. ಕಾರ್ಯಪ್ಪನವರೆಂದು ಅರಿಯಿತು. 1957ರಿಂದ 1961ರವರೆಗೆ ಸೈನ್ಯದ ಮುಖ್ಯಸ್ಥರಾಗಿದ್ದವರು ಕೆ. ಎಸ್. ತಿಮ್ಮಯ್ಯನವರು. ದೆಹಲಿಯ ಓದುಗನಿಗೆ ಆ ‘ಕೆ’ ಬರಿಯ ಅಕ್ಷರ. ಕೊಡಗಿನವರಿಗೆ ಅದು ಕೊಡಂದೇರ. ಅದನ್ನು ಕೇಳಿದೊಡನೆ ಒಂದು ಮನೆ ಕಣ್ಣಿಗೆ ಕಟ್ಟುತ್ತದೆ.

ಅಕ್ಷರಕ್ಕೆ ಎಲ್ಲರೂ ಸೋತರೆಂದು ಹೇಳಲಾಗದು. ಕೊಡವರ ಹಾಡು, ಆಚಾರಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದ ಮಹನೀಯರು ಇಂದಿಗೂ ನಡಿಕೇರಿಯಂಡ ಚಿಣ್ಣಪ್ಪನವರೇ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ ಕರಡದಲ್ಲಿ ಒಕ್ಕಒಕ್ಕಗಳ ನಡುವೆ ಹಾಕಿ ಪಂದ್ಯಾಟ ಮೊದಲಾಯಿತು. ಅಂದು ಆಡಿದುವು 60 ಒಕ್ಕಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360. ಅಲ್ಲಿ ತಂಡಕ್ಕೆ ಬೇರೆ ಹೆಸರಿಲ್ಲ, ಮನೆಪೆದವೇ ಹೆಸರು. ಬೆಂಗಳೂರು, ಮುಂಬಯಿಗಳಲ್ಲಿ ಒಂದಕ್ಷರವಾಗಿ ಬಾಳುವ ಹುಡುಗನು ಆ ಮೈದಾನದಲ್ಲಿ ತನ್ನ ಅಜ್ಜನ ಹೆಸರನ್ನು ಪೂರ್ತಿಯಾಗಿ ಕೂಗಿ ಕರೆಯುವುದನ್ನು ಕೇಳುತ್ತಾನೆ.

ಐನ್‌ಮನೆಯಲ್ಲಿ ವಾಸವಿದ್ದವರಿಗೆ ಹೆಸರು ಮರೆತರೂ ನಡೆಯುತ್ತಿತ್ತೇನೋ, ಮನೆಯೇ ಕಣ್ಣೆದುರಿಗಿತ್ತು. ಊರು ಬಿಟ್ಟವರಿಗೆ ಕೈಯಲ್ಲಿ ಉಳಿದ ಮನೆಯೆಂದರೆ ಆ ಹೆಸರೊಂದೇ. ಅದನ್ನೂ ಅಕ್ಷರ ಮಾಡಿಬಿಟ್ಟರೆ ಎರಡು ತಲೆಮಾರಿನ ಮೇಲೆ ಮಕ್ಕಳು ‘ಎಂ’ ಎಂದರೇನೆಂದು ಯಾರನ್ನು ಕೇಳಬೇಕು? ನಾವಂತೂ ಆ ಇಬ್ಬರು ಹುಡುಗರ ಹೆಸರನ್ನು ಅಂದೇ ತಿದ್ದಿ ಪೂರ್ತಿಯಾಗಿ ಬರೆದುಕೊಂಡೆವು. ಸಾಲು ಸ್ವಲ್ಪ ಉದ್ದವಾಯಿತು. ಹಾಜರಿ ಕೂಗುವಾಗ ಮಾತ್ರ ಇಬ್ಬರೂ ಒಮ್ಮೆಲೇ ಎದ್ದು ನಿಲ್ಲುವುದು ತಪ್ಪಿತು.