ವ್ಯಾಪಾರದ ಅಳುಕು ಮತ್ತು ಸಹಕಾರದ ದಾರಿ

ನಮ್ಮ ರೈತಾಪಿ ಜನರಿಗೆ ಮಳೆ ಕೈಕೊಡುವ ಭಯ ಗೊತ್ತು, ಬೆಲೆ ಬೀಳುವ ಭಯವೂ ಗೊತ್ತು. ಎರಡನ್ನೂ ವರ್ಷಾವರ್ಷ ಎದುರಿಸಿಯೇ ಬದುಕ್ತೀವಿ. ಆದರೆ ಒಂದು ಸಣ್ಣ ಅಂಗಡಿ ತೆಗೆಯೋಣ ಅಂದ್ರೆ ಸಾಕು, ಹಿಂದೆ ಸರೀತೀವಿ. "ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆಯೇ ಮೇಲು" ಎಂಬ ಹಿರಿಯರ ಮಾತನ್ನು ಮುಂದೆ ಮಾಡಿ ಸುಮ್ಮನಾಗ್ತೀವಿ.

ಸಂಘದಿಂದ ಒಂದು ದಿನಸಿ ಅಂಗಡಿ ತೆರೆಯಬೇಕೆಂಬ ವಿಚಾರ ಈ ಬೆಳ್ಳಿಹಬ್ಬದ ವರ್ಷದಲ್ಲಿ ಸದಸ್ಯರ ಮುಂದಿದೆ. ಅದರ ಬಗ್ಗೆ ಊರಲ್ಲಿ ಕೇಳಿಬರುವ ಪ್ರಶ್ನೆಗಳು ನಾಲ್ಕು. ಬಂಡವಾಳ ಮುಳುಗಿದರೆ? ಉದ್ರಿ ವಸೂಲಾಗದಿದ್ದರೆ? ಲೆಕ್ಕದಲ್ಲಿ ಮೋಸವಾದರೆ? ದೊಡ್ಡ ಅಂಗಡಿಯವರ ಎದುರು ನಮ್ಮ ಕೈಲಿ ನಿಲ್ಲೋಕಾಗುತ್ತಾ? ಹೀಗೆ ಕೇಳುವವರನ್ನು ಪುಕ್ಕಲರು ಅಂತ ನಾವು ಅನ್ನುವುದಿಲ್ಲ. ಸಹಕಾರ ಚಳವಳಿ ಹುಟ್ಟಿದ ಕಾಲದಲ್ಲೂ ಇದೇ ಪ್ರಶ್ನೆಗಳಿದ್ದವು. ಆ ಚರಿತ್ರೆಯನ್ನು ಸದಸ್ಯ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ಹತ್ತಿರ ರಾಚ್‌ಡೇಲ್ ಎಂಬ ಊರಿದೆ. ಉಣ್ಣೆ ಬಟ್ಟೆ ನೇಯುವವರ ಊರು ಅದು. ಯಂತ್ರದ ಮಗ್ಗ ಬಂದು ಕೈಮಗ್ಗದವರ ಕೂಲಿ ಬಿದ್ದುಹೋಗಿತ್ತು. ಕೂಲಿ ಹೆಚ್ಚಿಸಿ ಎಂದು ಹೂಡಿದ ಮುಷ್ಕರವೂ ಸೋತಿತ್ತು. ಅಂಗಡಿಗೆ ಹೋದರೆ ಕಲಬೆರಕೆ ಹಿಟ್ಟು, ತೂಕದಲ್ಲಿ ಮೋಸ. ಆಗ ನೇಕಾರರು ಮತ್ತು ಬೇರೆ ಬೇರೆ ಕಸುಬಿನ 28 ಮಂದಿ ಬಡವರು ಸೇರಿ ತಮ್ಮದೇ ಅಂಗಡಿ ತೆಗೆಯಲು ನಿಶ್ಚಯಿಸಿದರು. ವ್ಯಾಪಾರ ಮಾಡಿ ಪಳಗಿದ ಜನ ಅವರಲ್ಲ.

ಮೊದಲನೆಯ ಭಯ ಬಂಡವಾಳದ್ದು. ಅದಕ್ಕೆ ಅವರು ಸಾಲ ಎತ್ತಿ ದೊಡ್ಡ ಅಂಗಡಿ ಹೂಡಲಿಲ್ಲ. ವಾರಕ್ಕೆ ಎರಡು ಪೆನ್ಸ್, ಅಂದ್ರೆ ಪುಡಿಗಾಸು, ಕೂಡಿಡುತ್ತಾ ಬಂದು 28 ಪೌಂಡ್ ಮಾಡಿಕೊಂಡರು. 1844ರ ಡಿಸೆಂಬರ್ 21ರ ಸಂಜೆ ಟೋಡ್ ಲೇನ್ ಎಂಬ ಬೀದಿಯಲ್ಲಿ ಬಾಡಿಗೆ ಮಳಿಗೆಯ ಬಾಗಿಲು ತೆರೆದರು. ಒಳಗಿದ್ದ ಸರಕು ಈಗಿನ ಲೆಕ್ಕದಲ್ಲಿ ಸುಮಾರು 13 ಕೆ.ಜಿ. ಬೆಣ್ಣೆ, 25 ಕೆ.ಜಿ. ಸಕ್ಕರೆ, ಮೂರು ಕ್ವಿಂಟಾಲ್ ಹಿಟ್ಟು, ಒಂದು ಚೀಲ ಓಟ್ಸ್ ಹಿಟ್ಟು, ಒಂದಿಷ್ಟು ಮೇಣದಬತ್ತಿ. ಇಷ್ಟೇ! ಬೀದಿ ಹುಡುಗರು ಗೇಲಿ ಮಾಡಿದರು. ಮೊದಮೊದಲು ವಾರದಲ್ಲಿ ಎರಡು ಸಂಜೆ ಮಾತ್ರ ವ್ಯಾಪಾರ. ಮುಳುಗಿದರೂ ಮನೆ ಮುಳುಗದಷ್ಟೇ ಹಣ ಹಾಕಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಲ್ಲಿ ಹೇಳೋದು ಇದನ್ನೇ.

ಎರಡನೆಯ ಭಯ ಉದ್ರಿಯದು. ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ ಅನ್ನೋ ಗಾದೆಯ ಅನುಭವ ಆ ಊರಿನವರಿಗೂ ಆಗಿತ್ತು. ಅದೇ ಬೀದಿಯಲ್ಲಿ 1833ರಲ್ಲಿ ತೆರೆದಿದ್ದ ಇನ್ನೊಂದು ಸಹಕಾರಿ ಅಂಗಡಿ ಉದ್ರಿ ಕೊಟ್ಟೂ ಕೊಟ್ಟೂ 1835ರಲ್ಲಿ ಬಾಗಿಲು ಹಾಕಿತ್ತು. ಆದ್ದರಿಂದ ಹೊಸಬರು ರೊಕ್ಕ ಇಟ್ಟವರಿಗೇ ಸರಕು, ಸದಸ್ಯನಾದರೂ ಉದ್ರಿ ಇಲ್ಲ ಎಂಬ ನಿಯಮ ಮಾಡಿದರು.

ಮೂರನೆಯದು ಮೋಸದ ಭಯ. ಅದಕ್ಕೆ ಮೂರು ತಿಂಗಳಿಗೊಮ್ಮೆ ಸಭೆ ಸೇರಿಸಿ ಲೆಕ್ಕ ಮುಂದಿಡುವ ಪದ್ಧತಿ ಬಂತು. ಎಷ್ಟೇ ಷೇರು ಇರಲಿ, ಒಬ್ಬರಿಗೆ ಒಂದೇ ಓಟು. ಹಣವಂತನು ಸಂಘವನ್ನು ಕಿಸೆಗೆ ಹಾಕಿಕೊಳ್ಳುವಂತಿಲ್ಲ.

ನಾಲ್ಕನೆಯದು ದೊಡ್ಡ ವ್ಯಾಪಾರಿಗಳ ಪೈಪೋಟಿ. ಇವರು ದರ ಇಳಿಸಿ ಜಗಳಕ್ಕೆ ನಿಲ್ಲಲಿಲ್ಲ. ಪೇಟೆ ದರಕ್ಕೇ ಮಾರಿದರು. ಆದರೆ ಕಲಬೆರಕೆ ಇಲ್ಲದ ಸರಕು, ಸರಿಯಾದ ತೂಕ. ಷೇರಿಗೆ ಮಿತವಾದ ಬಡ್ಡಿ ಕೊಟ್ಟು, ಉಳಿದ ಲಾಭವನ್ನು ಯಾರು ಎಷ್ಟು ಖರೀದಿ ಮಾಡಿದ್ದಾರೋ ಅದರ ಪ್ರಮಾಣದಲ್ಲಿ ಸದಸ್ಯರಿಗೇ ಹಂಚಿದರು. ಕೊಂಡವನೇ ಮಾಲೀಕ ಅಂದ ಮೇಲೆ ಅವನು ಬೇರೆ ಅಂಗಡಿಗೆ ಯಾಕೆ ಹೋಗ್ತಾನೆ? 1845ರ ಕೊನೆಗೆ 28 ಸದಸ್ಯರು 74 ಆದರು, ಬಂಡವಾಳ 181 ಪೌಂಡ್ ಆಯಿತು, ಲಾಭ 22 ಪೌಂಡ್ ಬಂತು. ಆ ಮಳಿಗೆ ಈಗ ವಸ್ತು ಸಂಗ್ರಹಾಲಯವಾಗಿದೆ. ಅವರ ತತ್ವಗಳೇ ಇಂದಿಗೂ ಸಹಕಾರಿ ಸಂಘಗಳಿಗೆ ಬುನಾದಿ.

ನಮ್ಮ ನಾಡಿನ ಮಾತಿಗೆ ಬರೋಣ. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಅದನ್ನು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಕರೆಯುತ್ತಾರೆ. ಆ ಕಾಯ್ದೆಯಲ್ಲಿ ಹಳ್ಳಿ ಸಂಘದ ಸದಸ್ಯರಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆ. ಅಂದ್ರೆ ಸಂಘ ಮುಳುಗಿದರೆ ಷೇರು ಮಾತ್ರವಲ್ಲ, ಹೊಲ ಮನೆಗೂ ಕುತ್ತು. ಇದಕ್ಕಿಂತ ದೊಡ್ಡ ಭಯ ಯಾವುದಿದೆ? ಅದಕ್ಕೆ ಪರಿಹಾರವೂ ಆ ಹೊಣೆಯೊಳಗೇ ಇತ್ತು. ಒಂದೇ ಊರಿನ, ಒಬ್ಬರನ್ನೊಬ್ಬರು ಬಲ್ಲ ಜನ ಸೇರುತ್ತಿದ್ದರು. ಯಾರ ಹೊಲ ಎಷ್ಟು, ಯಾರ ನಡತೆ ಎಂಥದ್ದು ಎಲ್ಲರಿಗೂ ಗೊತ್ತು. ನನ್ನ ಮನೆಗೂ ಕುತ್ತು ಬರುತ್ತೆ ಅಂದಾಗ ಪಕ್ಕದವನ ಸಾಲದ ಮೇಲೂ ಕಣ್ಣಿರುತ್ತೆ. 1912ರ ಕಾಯ್ದೆ ಬಂದ ಮೇಲೆ ಸಾಲವಷ್ಟೇ ಅಲ್ಲದೆ ಖರೀದಿ, ಮಾರಾಟದ ಸಂಘಗಳಿಗೂ ದಾರಿಯಾಯಿತು.

ಇದರಿಂದ ನಾವು ಕಲಿಯಬೇಕಾದ ಪಾಠ ಇಷ್ಟು. ಭಯ ಪೂರಾ ಹೋಗಲಿ, ಆಮೇಲೆ ನೋಡೋಣ ಅಂತ ಕೂತವರು ಯಾವ ಅಂಗಡಿಯನ್ನೂ ತೆರೆಯಲಿಲ್ಲ. ಭಯವನ್ನು ಲೆಕ್ಕಿಸದೆ ನುಗ್ಗಿದವರದ್ದು ಬಹಳ ದಿನ ನಡೆಯಲಿಲ್ಲ. ಒಂದೊಂದು ಭಯಕ್ಕೂ ಒಂದೊಂದು ನಿಯಮ ಬರೆದು, ಆ ನಿಯಮವನ್ನು ಮುರಿಯದವರು ಉಳಿದರು.

ನಮ್ಮ ಸಂಘದ ಅಂಗಡಿಯೂ ಹಾಗೇ ಆಗಬೇಕು ಎಂಬುದು ನಮ್ಮ ಅಭಿಪ್ರಾಯ. ಮೊದಲು ನಾಲ್ಕೈದು ಸಾಮಾನು ಸಾಕು. ಉದ್ರಿ ಬೇಡವೇ ಬೇಡ. ಅಧ್ಯಕ್ಷರ ಮನೆಗಿಲ್ಲ, ನಿರ್ದೇಶಕರಾದ ನಮ್ಮ ಮನೆಗೂ ಇಲ್ಲ. ಊರಲ್ಲಿ ಮುಖ ನೋಡಿಕೊಂಡು ಇಲ್ಲ ಅನ್ನೋದು ಕಷ್ಟ, ನಮಗೂ ಗೊತ್ತು. ಅದಕ್ಕೇ ನಿಯಮ ಬೋರ್ಡಿನ ಮೇಲೆ ಬರೆದಿರಬೇಕು. ಆಗ ಇಲ್ಲ ಅನ್ನೋದು ಮನುಷ್ಯನಲ್ಲ, ಬೋರ್ಡು. ಸ್ಟಾಕಿನ ಲೆಕ್ಕ ಮೂರು ತಿಂಗಳಿಗೊಮ್ಮೆ ನೋಟೀಸ್ ಬೋರ್ಡಿಗೆ ಬರಲಿ. ತಕ್ಕಡಿ ಗಿರಾಕಿಗೆ ಕಾಣುವಂತಿರಲಿ.

ಅಂಗಡಿ ಬೇಕೋ ಬೇಡವೋ ಎಂಬುದನ್ನು ಮಹಾಸಭೆ ತೀರ್ಮಾನಿಸುತ್ತದೆ. ನಮ್ಮ ವಿನಂತಿ ಇಷ್ಟೇ: ಅಳುಕಿರುವ ಸದಸ್ಯರು ಅಂದು ದಯವಿಟ್ಟು ಮನೆಯಲ್ಲಿ ಉಳಿಯಬೇಡಿ. ಬಂದು ನಿಮ್ಮ ಅಳುಕನ್ನು ಬಾಯಿಬಿಟ್ಟು ಹೇಳಿ. ಧೈರ್ಯದ ಮಾತಾಡುವವರು ಹೇಗೂ ಬರುತ್ತಾರೆ. ಆದರೆ ಎಲ್ಲಿ ಸೋರುತ್ತೆ ಅಂತ ಮೊದಲೇ ಹೇಳುವವರು ಇಲ್ಲದಿದ್ದರೆ ಒಳ್ಳೆಯ ಬೈಲಾ ಬರೆಯಲು ಯಾರ ಕೈಲೂ ಆಗುವುದಿಲ್ಲ.