ರಸ್ತೆಬದಿಯಲ್ಲಿ ನಿಂತ ಕೆಂಪು ಕಾರು

ಅಪಹರಣದ ಕಥೆಯುಳ್ಳ ಚಲನಚಿತ್ರವನ್ನೋ ಧಾರಾವಾಹಿಯನ್ನೋ ನೋಡುವಾಗ ನಿಮ್ಮ ಕಣ್ಣು ಓಡುವ ಕಾರಿನ ಬೆನ್ನು ಹತ್ತುತ್ತದೆ. ನಿಂತ ಕಾರನ್ನು ಯಾರೂ ಗಮನಿಸುವುದಿಲ್ಲ. ಈಗ ಹೇಳಹೊರಟಿರುವುದು ಇಟಲಿಯ ರಾಜಧಾನಿ ರೋಮಿನಲ್ಲಿ 1978ರಲ್ಲಿ ನಡೆದ ಒಂದು ಅಪಹರಣದ ಸಂಗತಿ. ಅದರ ಮೊದಲ ದೃಶ್ಯದಲ್ಲೂ ಕೊನೆಯ ದೃಶ್ಯದಲ್ಲೂ ನಿರ್ಣಾಯಕವಾದದ್ದು ಯಾರೂ ಗಮನಿಸದ ಈ ನಿಂತ ವಾಹನಗಳೇ.

ಅಪಹರಣಕ್ಕೆ ಒಳಗಾದವರು ಆಲ್ದೊ ಮೋರೊ. ಕಾನೂನಿನ ಪ್ರಾಧ್ಯಾಪಕರು, ಐದು ಬಾರಿ ಸರ್ಕಾರ ರಚಿಸಿದ್ದ ಪ್ರಧಾನಿ, ಆಗ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷರು. ಮೂವತ್ತು ವರ್ಷ ಎದುರಾಳಿಗಳಾಗಿದ್ದ ತಮ್ಮ ಪಕ್ಷವನ್ನೂ ಕಮ್ಯುನಿಸ್ಟ್ ಪಕ್ಷವನ್ನೂ ಹತ್ತಿರ ತಂದವರಲ್ಲಿ ಅವರು ಪ್ರಮುಖರು. ಮಾರ್ಚ್ 16ರಂದು ಕಮ್ಯುನಿಸ್ಟರ ಬೆಂಬಲದೊಂದಿಗೆ ಆಂದ್ರೆಯೊತ್ತಿ ಸರ್ಕಾರ ಸಂಸತ್ತಿನಲ್ಲಿ ವಿಶ್ವಾಸಮತ ಕೇಳಲಿತ್ತು. ಮೋರೊ ಅಲ್ಲಿಗೇ ಹೊರಟಿದ್ದರು.

ಅವರ ದಾರಿಯಲ್ಲಿದ್ದ ಫಾನಿ ಬೀದಿಯ ಮೂಲೆಯಲ್ಲಿ ಹೂವಿನ ವ್ಯಾಪಾರಿಯೊಬ್ಬ ದಿನವೂ ತನ್ನ ವ್ಯಾನು ನಿಲ್ಲಿಸಿ ಹೂ ಮಾರುತ್ತಿದ್ದ. ಹಿಂದಿನ ರಾತ್ರಿ ಆತನ ಮನೆಯ ಬಳಿ ಯಾರೋ ವ್ಯಾನಿನ ಟೈರುಗಳನ್ನು ಕೊಯ್ದು ಹೋಗಿದ್ದರು. ಬೆಳಗ್ಗೆ ಆತ ಬರಲಿಲ್ಲ, ಮೂಲೆ ಖಾಲಿ. ಒಂಬತ್ತು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ರಾಯಭಾರ ಕಚೇರಿಯ ನಂಬರು ಹೊತ್ತ ಬಿಳಿ ಫಿಯಟ್ ಕಾರೊಂದು ಮೋರೊ ಅವರ ಕಾರಿನ ಮುಂದೆ ನಿಂತುಬಿಟ್ಟಿತು. ವಿಮಾನ ಸಿಬ್ಬಂದಿಯಂತೆ ಸಮವಸ್ತ್ರ ಧರಿಸಿದ್ದವರು ಬೇಲಿಗಿಡಗಳ ಮರೆಯಿಂದ ಹೊರಬಂದು ಗುಂಡು ಹಾರಿಸಿದರು. ಕಾರನ್ನು ಪಕ್ಕಕ್ಕೆ ತಿರುಗಿಸಿ ಪಾರಾಗಲು ಚಾಲಕ ಪ್ರಯತ್ನಿಸಿದ. ಬಲಗಡೆ ಒಂದು ಪುಟ್ಟ ಮಿನಿ ಕಾರು ನಿಂತಿತ್ತು, ಜಾಗ ಸಿಗಲಿಲ್ಲ. ಕಾವಲಿಗಿದ್ದ ಐವರೂ ಸತ್ತರು. ಎರಡು ಕಾರುಗಳಲ್ಲಿ ಒಂದಕ್ಕೂ ಗುಂಡು ತಡೆಯುವ ಕವಚವಿರಲಿಲ್ಲ. ಮೋರೊ ಅವರನ್ನು ಒಯ್ದವರು ‘ಕೆಂಪು ದಳ’ ಎಂಬ ಸಶಸ್ತ್ರ ಗುಂಪಿನವರು.

ಮುಂದಿನ 55 ದಿನ ಇಡೀ ದೇಶ ಹುಡುಕಿತು. ರೋಮಿನ ಗ್ರಾದೋಲಿ ಬೀದಿಯಲ್ಲಿ ಗುಂಪಿನ ಅಡಗುಮನೆಯೊಂದಿತ್ತು. ಅಪಹರಣವಾದ ಎರಡೇ ದಿನಕ್ಕೆ ಪೊಲೀಸರು ಆ ಕಟ್ಟಡಕ್ಕೆ ಹೋದರು, ಬಾಗಿಲು ತಟ್ಟಿದರು, ಯಾರೂ ತೆರೆಯದ್ದರಿಂದ ಹಿಂದಿರುಗಿದರು. ಮುಂದೆ 1996ರಲ್ಲಿ ಪ್ರಧಾನಿಯಾದ ರೊಮಾನೊ ಪ್ರೋದಿ, ತಾವೂ ಕೆಲವು ಪ್ರಾಧ್ಯಾಪಕರೂ ಆತ್ಮಗಳನ್ನು ಕರೆಯುವ ಆಟ ಆಡುವಾಗ ‘ಗ್ರಾದೋಲಿ’ ಎಂಬ ಹೆಸರು ಬಂತೆಂದು ಹೇಳಿದರು. (ಈ ಮಾತನ್ನು ನಂಬದವರೇ ಹೆಚ್ಚು; ನಾನೂ ನಂಬುವುದಿಲ್ಲ.) ಆ ಹೆಸರಿನ ಹಳ್ಳಿಯೊಂದು ರೋಮಿನ ಉತ್ತರಕ್ಕಿದೆ. ಪೊಲೀಸರು ಅಲ್ಲಿ ಹೋಗಿ ಹುಡುಕಿದರು. ಕೊನೆಗೆ ಏಪ್ರಿಲ್ 18ರಂದು ನೀರು ಸೋರಿದ ಕಾರಣಕ್ಕೆ ಗ್ರಾದೋಲಿ ಬೀದಿಯ ಮನೆ ಬಯಲಾಯಿತು. ಅದೇ ದಿನ ಸಿಕ್ಕ ಸುಳ್ಳು ಪ್ರಕಟಣೆಯೊಂದನ್ನು ನಂಬಿ, ಬೆಟ್ಟಗಳ ನಡುವೆ ಹೆಪ್ಪುಗಟ್ಟಿದ ಸರೋವರದಲ್ಲಿ ಮೋರೊ ಶವಕ್ಕಾಗಿ ಶೋಧ ನಡೆಯಿತು. ಮೋರೊ ಮಾತ್ರ ರೋಮಿನಲ್ಲೇ, ಮೊಂತಾಲ್ಚಿನಿ ಬೀದಿಯ ಒಂದು ಮನೆಯಲ್ಲಿ ಗೋಡೆಯ ಹಿಂದಿನ ಕಿರುಕೋಣೆಯಲ್ಲಿ ಕುಳಿತು ಪತ್ರ ಬರೆಯುತ್ತಿದ್ದರೆಂದು ಅಪಹರಣಕಾರರು ಆಮೇಲೆ ಹೇಳಿದರು.

ಆ ಪತ್ರಗಳನ್ನು ನೀವು ಎಂದಾದರೂ ಓದಬೇಕು. ಮಾತುಕತೆ ನಡೆಸಿ, ಒಂದು ಜೀವ ಉಳಿಸಿ ಎಂದು ಅವರು ತಮ್ಮ ಪಕ್ಷವನ್ನೇ ಕೇಳಿದರು. ಆಡಳಿತ ಪಕ್ಷವೂ ಕಮ್ಯುನಿಸ್ಟ್ ಪಕ್ಷವೂ ಒಪ್ಪಲಿಲ್ಲ. ಸಮಾಜವಾದಿಗಳು ಮಾತ್ರ ಬೇರೆ ದಾರಿ ಹುಡುಕುತ್ತಿದ್ದರು. ಒತ್ತಾಯಕ್ಕೆ ಸಿಕ್ಕಿ ಬರೆದದ್ದು, ಇವು ಮೋರೊ ಅವರ ಮಾತೇ ಅಲ್ಲ ಎಂದವರಲ್ಲಿ ಅವರ ಸ್ನೇಹಿತರೂ ಇದ್ದರು. ಸರ್ಕಾರ ಮಣಿದಿದ್ದರೆ ಇನ್ನೊಬ್ಬರ ಅಪಹರಣವಾಗುತ್ತಿತ್ತು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಮನುಷ್ಯ ಬದುಕಿರುವಾಗಲೇ ಅವನ ಮಾತು ಅವನದಲ್ಲ ಎನ್ನುವುದು ನನಗೆ ಇಂದಿಗೂ ಕ್ರೂರವಾಗಿ ಕಾಣುತ್ತದೆ.

ಮೇ 9ರ ಮಧ್ಯಾಹ್ನ, ಹನ್ನೆರಡು ದಾಟಿದ ಮೇಲೆ, ವಿಶ್ವವಿದ್ಯಾಲಯದಲ್ಲಿ ಮೋರೊ ಅವರ ಸಹಾಯಕರಾಗಿದ್ದ ಯುವಕರೊಬ್ಬರಿಗೆ ದೂರವಾಣಿ ಕರೆ ಬಂತು. ಕಾಯೆತಾನಿ ಬೀದಿಯಲ್ಲಿ ಒಂದು ಕೆಂಪು ರೆನೊ 4 ಕಾರು ನಿಂತಿದೆ, ಅದರಲ್ಲಿ ದೇಹವಿದೆ, ಕುಟುಂಬಕ್ಕೆ ತಿಳಿಸಿ ಎಂದಿತು ಆ ದನಿ. ಕೇಳಿಸಿಕೊಳ್ಳುತ್ತಿದ್ದವರು ಅತ್ತುಬಿಟ್ಟರು. ಕರೆಯ ಧ್ವನಿಮುದ್ರಣ ಉಳಿದಿದೆ. ಬಾಂಬು ಇರಬಹುದೆಂಬ ಭಯದಿಂದ ತಜ್ಞರು ಬಂದು ಕಾರನ್ನು ತೆರೆದರು. ಹಿಂಭಾಗದಲ್ಲಿ ಸಾಮಾನಿಡುವ ಜಾಗದಲ್ಲಿ, ಕಂಬಳಿಯ ಕೆಳಗೆ ಮೋರೊ ಇದ್ದರು. ರೋಮಿನ ಖಾಸಗಿ ಟಿ.ವಿ. ವಾಹಿನಿಯೊಂದರ ಕ್ಯಾಮೆರಾ ಆ ದೃಶ್ಯವನ್ನು ಹಿಡಿಯಿತು.

ಇನ್ನು ಇತಿಹಾಸದ ವಿದ್ಯಾರ್ಥಿಗಳಾಗಿ ಆ ಕಾರಿನ ಹತ್ತಿರ ಬನ್ನಿ. ಅದು ಕದ್ದ ಕಾರು, ಅದರ ನಂಬರು ಸುಳ್ಳು. ಮೋರೊ ಅವರ ಪ್ಯಾಂಟಿನ ಮಡಿಕೆಯಲ್ಲಿ ಮರಳು ಸಿಕ್ಕಿತು. ಹಾಗಾದರೆ ಸಮುದ್ರತೀರದಲ್ಲಿ ಬಚ್ಚಿಟ್ಟಿದ್ದರೆ? ತನಿಖೆಯ ದಾರಿ ತಪ್ಪಿಸಲು ತಾವೇ ಮರಳು ಹಾಕಿದೆವೆಂದು ಅಪಹರಣಕಾರರು ಆಮೇಲೆ ಹೇಳಿದರು. ಸಾಕ್ಷ್ಯವನ್ನೂ ಯಾರಾದರೂ ತಂದಿಟ್ಟಿರಬಹುದು, ನೋಡಿ. ಆ ಬೀದಿಯಲ್ಲಿ ಜಾಗ ಸಿಗಲೆಂದು ಹಿಂದಿನ ಸಂಜೆಯೇ ಇನ್ನೊಂದು ಕಾರನ್ನು ನಿಲ್ಲಿಸಿ ಹಿಡಿದಿಟ್ಟಿದ್ದೆವು ಎಂದೂ ಅವರು ಹೇಳಿದ್ದಾರೆ. ಹೂವಿನ ವ್ಯಾನು ಬಾರದಂತೆ ಮಾಡಿದವರೇ ಇಲ್ಲಿ ಒಂದು ಕಾರನ್ನು ನಿಲ್ಲಿಸಿ ಕಾದಿದ್ದರು.

ಕಾರು ನಿಂತದ್ದು ಎರಡು ಪಕ್ಷಗಳ ಕಚೇರಿಗಳ ‘ಸರಿಯಾದ ನಡುಮಧ್ಯ’ದಲ್ಲಿ ಎಂದು ಎಷ್ಟೋ ಪುಸ್ತಕಗಳು ಬರೆದಿವೆ. ರೋಮಿನ ನಕ್ಷೆ ಸಿಕ್ಕರೆ ಬೆರಳಿಟ್ಟು ನೋಡಿ. ಕಾಯೆತಾನಿ ಬೀದಿ ಎರಡಕ್ಕೂ ಹತ್ತಿರ, ನಡೆದರೆ ಕೆಲವೇ ನಿಮಿಷ. ಆದರೆ ಎರಡರ ನಡುವೆ ಇಲ್ಲ. ಹತ್ತಿರವಿತ್ತು ಎನ್ನುವುದು ವಾಸ್ತವ. ನಡುಮಧ್ಯ ಎನ್ನುವುದು ಆ ಎರಡು ಪಕ್ಷಗಳನ್ನು ಬೆಸೆಯಹೊರಟ ಮನುಷ್ಯನ ಅಂತ್ಯಕ್ಕೆ ಜನ ಕೊಟ್ಟ ಅರ್ಥ. ಅರ್ಥ ಎಷ್ಟು ಚೆನ್ನಾಗಿ ಹೊಂದಿತೆಂದರೆ ನಕ್ಷೆಯನ್ನು ತೆರೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಕೊಲೆಯ ವಿವರಗಳ ಮೇಲಂತೂ ವಾದ ಮುಗಿದಿಲ್ಲ. 2014ರಿಂದ 2017ರವರೆಗೆ ಮತ್ತೊಂದು ಸಂಸದೀಯ ಆಯೋಗ ಕುಳಿತು ವಿಚಾರಿಸಿತು.

ಗೃಹಮಂತ್ರಿ ಕೊಸ್ಸೀಗ ರಾಜೀನಾಮೆ ಕೊಟ್ಟರು. ಸರ್ಕಾರಿ ಗೌರವ ಬೇಡ, ಮೆರವಣಿಗೆ ಬೇಡ, ಭಾಷಣ ಬೇಡ ಎಂದಿತು ಮೋರೊ ಕುಟುಂಬ. ಮರುದಿನವೇ ತೊರ್ರೀತ ತಿಬೆರೀನ ಎಂಬ ಊರಿನಲ್ಲಿ ಸದ್ದಿಲ್ಲದೆ ಮಣ್ಣು ಮಾಡಿದರು. ಆದರೂ ಮೇ 13ರಂದು ರೋಮಿನ ದೊಡ್ಡ ಚರ್ಚಿನಲ್ಲಿ, ಪೋಪ್ ಆರನೇ ಪಾಲ್ ಅವರ ಸಮ್ಮುಖದಲ್ಲಿ, ಸರ್ಕಾರದ ವತಿಯಿಂದ ಪ್ರಾರ್ಥನೆ ನಡೆಯಿತು. ಮಾರ್ಕೊ ಬೆಲ್ಲೋಕ್ಕಿಯೊ 2003ರಲ್ಲಿ ತೆಗೆದ ‘ಬುವೊಂಜೊರ್ನೊ, ನೊತ್ತೆ’ ಚಿತ್ರದ ಕೊನೆಯಲ್ಲಿ ಮೋರೊ ಬಿಡುಗಡೆಯಾಗಿ ಮುಂಜಾನೆಯ ಬೀದಿಯಲ್ಲಿ ನಡೆದು ಹೋಗುತ್ತಾರೆ. ಅದು ಕನಸು. ಆ ಪ್ರಾರ್ಥನೆಯ ನಿಜವಾದ ಚಿತ್ರಣವೂ ಅದೇ ಸಿನಿಮಾದಲ್ಲಿದೆ. ಸಿಕ್ಕರೆ ನೋಡಿ: ಸಾಲಾಗಿ ಕುಳಿತ ಮಂತ್ರಿಗಳಿದ್ದಾರೆ, ಪೋಪ್ ಇದ್ದಾರೆ, ಶವಪೆಟ್ಟಿಗೆ ಇಲ್ಲ.