ಓಲೆಯ ಬಣ್ಣ, ಬೀದರಿನ ಕಪ್ಪು

ಬೀದರ್, ಭಾಲ್ಕಿ, ಔರಾದ್‌ಗಳ ಒಣಬಯಲು ಓಲೆಯ ಸೀಮೆಯಲ್ಲ. ಅಗಲವಾಗಿ, ಮೆತ್ತಗೆ ಬಾಗುವುದರಿಂದ ಬರೆಹಕ್ಕೆ ಶ್ರೇಷ್ಠವೆನಿಸಿದ ಗರಿಯನ್ನು ಕೊಡುವ ಶ್ರೀತಾಳೆ ಮಳೆ ಹೆಚ್ಚಿರುವ ಕರಾವಳಿಯ ಮರ. ಆದರೂ ಕನ್ನಡ ನಾಡಿನ ಸಚಿತ್ರ ಓಲೆಗ್ರಂಥಗಳ ಚರಿತ್ರೆಯಿಂದ ಈ ಗಡಿನಾಡನ್ನು ಬೇರ್ಪಡಿಸಲಾಗದು. ಭಾಲ್ಕಿ, ಔರಾದ್‌ಗಳಿಗೆ ಹೊಂದಿಕೊಂಡ ಸೀಮೆಯ ಇಂದಿನ ಲಾತೂರೇ ಆದ ಲಟ್ಟಲೂರಿನ ಒಡೆಯರೆಂದು ತಮ್ಮನ್ನು ಕರೆದುಕೊಂಡ ರಾಷ್ಟ್ರಕೂಟರ ಕಾಲದಲ್ಲಿಯೇ, ಜೈನರ ಕರ್ಮಸಿದ್ಧಾಂತದ ಮೂಲಗ್ರಂಥವಾದ ಷಟ್‌ಖಂಡಾಗಮಕ್ಕೆ ವೀರಸೇನನು ಧವಲಾ ಟೀಕೆಯನ್ನು ಬರೆದು 816ರಲ್ಲಿ ಮುಗಿಸಿದನು; ಅವನು ಅರ್ಧಕ್ಕೆ ಬಿಟ್ಟ ಜಯಧವಲಾ ಟೀಕೆಯನ್ನು ಅಮೋಘವರ್ಷನ ಆಳ್ವಿಕೆಯಲ್ಲಿ ಶಿಷ್ಯ ಜಿನಸೇನನು ಪೂರೈಸಿದನು.

ಈ ಟೀಕೆಗಳ ಪ್ರಸಿದ್ಧ ಸಚಿತ್ರ ಪ್ರತಿಗಳು ಹೊಯ್ಸಳರ ಕಾಲದವು, ಸುಮಾರು 1113ರ ಆಸುಪಾಸಿನವು. ಅವು ಉಳಿದು ಬಂದದ್ದು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಭಾಷೆ ಸಂಸ್ಕೃತ ಬೆರೆತ ಪ್ರಾಕೃತ, ಲಿಪಿ ಕನ್ನಡ. ಸಾಮಾನ್ಯವಾಗಿ ಓಲೆಯ ಮೇಲೆ ಕಂಟವೆಂಬ ಉಕ್ಕಿನ ಮೊನೆಯಿಂದ ಅಕ್ಷರಗಳನ್ನು ಕೊರೆದು, ಮಸಿಯನ್ನು ತಿಕ್ಕಿ ಕಾಣುವಂತೆ ಮಾಡುತ್ತಿದ್ದರು. ವಚನಗಳ ಕಟ್ಟುಗಳೂ ಹೀಗೆಯೇ ಸಿದ್ಧವಾದವು. ಧವಲಾ ಪ್ರತಿಗಳಲ್ಲಾದರೋ ಅಕ್ಷರಗಳನ್ನು ಶಾಯಿಯಿಂದಲೇ ಬರೆಯಲಾಗಿದೆ. ಕುಂಚಕ್ಕೂ ಬಣ್ಣಕ್ಕೂ ಒಗ್ಗುವಂತೆ ಹದಗೊಳಿಸಿದ ಓಲೆಯ ಕಿರಿದಾದ ಪಟ್ಟಿಯೊಳಗೆ ತೀರ್ಥಂಕರರು, ಯಕ್ಷಿಯರು, ಕೈಮುಗಿದ ಭಕ್ತರು, ಹೂಬಳ್ಳಿಗಳು ಮೂಡಿವೆ. ಕರ್ಮದ ಬಗೆಗಳನ್ನು ಎಣಿಸುವ ಗ್ರಂಥದಲ್ಲಿ ಚಿತ್ರಕಾರನಿಗೆ ಒದಗುವಂಥ ಕಥಾಪ್ರಸಂಗಗಳು ಇಲ್ಲ. ಆದ್ದರಿಂದ ಈ ಚಿತ್ರಗಳು ಪಠ್ಯವನ್ನು ವಿವರಿಸುವುದಕ್ಕಿಂತ ಅದನ್ನು ಪೂಜಿಸುತ್ತವೆ ಎನ್ನುವುದೇ ಸರಿ. ಆ ಪೂಜ್ಯಭಾವವೇ ಗ್ರಂಥವನ್ನು ಬಹುಕಾಲ ಓದುಗರಿಂದ ದೂರವಿಟ್ಟಿತು ಎಂಬುದೂ ನಿಜ. ಧವಲಾದ ಮೊದಲ ಸಂಪುಟ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾದದ್ದು 1939ರಲ್ಲಿ.

ಬೀದರ್ ಬಹಮನಿಗಳ ರಾಜಧಾನಿಯಾದ 15ನೆಯ ಶತಮಾನದಲ್ಲಿ ಇಲ್ಲಿನ ಆಸ್ಥಾನದ ಬರೆಹ ಕಾಗದದ ಮೇಲೆ ನಡೆಯುತ್ತಿತ್ತು, ಮಹಮೂದ್ ಗವಾನನ ಮದರಸಾದಲ್ಲಿ ದೊಡ್ಡ ಗ್ರಂಥಾಲಯವೇ ಇತ್ತು. ಬಣ್ಣವು ಅಷ್ಟೂರಿನ ಅಹಮದ್ ಷಾ ವಲಿಯ ಗೋರಿಯ ಗುಮ್ಮಟದೊಳಗೆ ಹರಡಿಕೊಂಡಿತು. ಕೊರೆದು ತುಂಬುವ ಕೈಚಳಕಕ್ಕೆ ಮಾತ್ರ ಬಿದ್ರಿ ಎಂಬ ಲೋಹದ ಕುಸುರಿಯಲ್ಲಿ ಮತ್ತೊಂದು ನೆಲೆ ಕಾಣುತ್ತದೆ. ಇದು ಓಲೆಯಿಂದ ಹುಟ್ಟಿದ ಕಲೆಯಲ್ಲ, ಆದರೆ ವಿಧಾನ ಓಲೆಯದನ್ನು ತಲೆಕೆಳಗು ಮಾಡಿದಂತಿದೆ: ಅಲ್ಲಿ ತಿಳಿಬಣ್ಣದ ಗರಿಯ ಗೀರಿಗೆ ಕಪ್ಪು ತುಂಬುತ್ತದೆ, ಇಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕಹೊಯ್ದ ಪಾತ್ರೆಯ ಗೀರಿಗೆ ಬೆಳ್ಳಿಯ ತಂತಿ ಕೂರುತ್ತದೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿ ಕಾಯಿಸಿ ಹಚ್ಚಿದಾಗ ಸತುವಿನ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ.